ಹಳೆಯ ವಿಡಿಯೊ8 ಕ್ಯಾಸೆಟ್ಟುಗಳನ್ನು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ 1990ರ ದಶಕದ ಒಂದು ವಿಡಿಯೊ8 ಕ್ಯಾಮ್‌ಕಾರ್ಡರ್ ಮತ್ತು ಅದರಲ್ಲಿ ಚಿತ್ರೀಕರಿಸಿದ 22 ಕ್ಯಾಸೆಟ್ಟುಗಳಿವೆ. ಬ್ಯಾಟರಿ ಕೆಟ್ಟಿದ್ದರೂ ಅಡಾಪ್ಟರ್ ಹಾಕಿದರೆ ಕ್ಯಾಮೆರಾ ಇಂದಿಗೂ ಓಡುತ್ತದೆ. ಪರಿಚಿತರ ಸಲಹೆಯಂತೆ, ಹಳದಿ, ಬಿಳಿ, ಕೆಂಪು ತಂತಿಗಳ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಒಂದು ಪುಟ್ಟ ಪೆಟ್ಟಿಗೆಯನ್ನೂ ಒಂದು ಎಚ್‌ಡಿಎಂಐ ಕ್ಯಾಪ್ಚರ್ ಸಾಧನವನ್ನೂ ಕೊಂಡು ಪ್ರಯತ್ನಿಸಿದೆ. ಚಿತ್ರವೇನೋ ಬಂತು. ಆದರೆ ಜನ ನಡೆದಾಡುವ ದೃಶ್ಯಗಳು ಕುಲುಕಿದಂತೆ ಕಾಣುತ್ತವೆ, ಎಲ್ಲರ ಮುಖಗಳೂ ಅಗಲವಾಗಿವೆ, ನಡುನಡುವೆ ಕ್ಷಣಕಾಲ ನೀಲಿ ಪರದೆ ಬಂದು ಹೋಗುತ್ತದೆ. ದುಬಾರಿ ಉಪಕರಣ ಕೊಳ್ಳದೆ ಇದನ್ನು ಸರಿಪಡಿಸಲು ಸಾಧ್ಯವೇ? ಎರಡು ಕ್ಯಾಸೆಟ್ಟುಗಳ ಒಳಗೆ ಬಿಳಿ ಪುಡಿಯಂಥದ್ದು ಕಾಣಿಸುತ್ತಿದೆ, ಅವನ್ನು ಏನು ಮಾಡಲಿ?

ಉತ್ತರ: ಸಾಧ್ಯವಿದೆ. ನೀವು ಹೇಳಿರುವ ಮೂರು ದೋಷಗಳಲ್ಲಿ ಮೊದಲಿನ ಎರಡಕ್ಕೆ ನಿಮ್ಮ ಕ್ಯಾಸೆಟ್ಟುಗಳೂ ಕಾರಣವಲ್ಲ, ಕ್ಯಾಮೆರಾವೂ ಕಾರಣವಲ್ಲ. ಅವೆರಡೂ ಆ ಪುಟ್ಟ ಪೆಟ್ಟಿಗೆ ಅತಿ ಉತ್ಸಾಹದಿಂದ ಮಾಡಿದ ಕೆಲಸಗಳು. ಮೂರನೆಯದಕ್ಕೆ ಮಾತ್ರ ಟೇಪಿನದೂ ಸ್ವಲ್ಪ ಪಾಲಿದೆ. ಇದು ಅರ್ಥವಾದರೆ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ತಾನಾಗಿಯೇ ತಿಳಿಯುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಿಮ್ಮ ಟೇಪಿನಲ್ಲಿರುವ ಚಿತ್ರ ಇಂದಿನ ವಿಡಿಯೊದಂತೆ ಪೂರ್ಣ ಚಿತ್ರಗಳ ಸರಣಿಯಲ್ಲ. ಪ್ಯಾಲ್ ಪದ್ಧತಿಯ (ಭಾರತದ ಹಳೆಯ ಟಿವಿಗಳ ಸಂಕೇತ ಪದ್ಧತಿ ಇದೇ) ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮುಗಳನ್ನು ದಾಖಲಿಸುತ್ತದೆ; ಆದರೆ ಪ್ರತಿಯೊಂದು ಫ್ರೇಮೂ ಎರಡು ಫೀಲ್ಡುಗಳಾಗಿ ಒಡೆದಿರುತ್ತದೆ, ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಈ ಎರಡು ಫೀಲ್ಡುಗಳು ಒಂದೇ ಕ್ಷಣದವಲ್ಲ. ಎರಡನೆಯದು ಮೊದಲನೆಯದಕ್ಕಿಂತ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ತಡವಾಗಿ ತೆಗೆದದ್ದು. ಆದ್ದರಿಂದ ನಿಮ್ಮ ಟೇಪಿನಲ್ಲಿ ನಿಜವಾಗಿ ಇರುವುದು ಸೆಕೆಂಡಿಗೆ 50 ಚಲನೆಯ ಹೆಜ್ಜೆಗಳು. ಅಮೆರಿಕ, ಜಪಾನ್‌ಗಳಲ್ಲಿ ಬಳಕೆಯಲ್ಲಿದ್ದ ಎನ್‌ಟಿಎಸ್‌ಸಿ ಪದ್ಧತಿಯ ಕ್ಯಾಮೆರಾ ಆಗಿದ್ದರೆ 29.97 ಫ್ರೇಮುಗಳು, ಸುಮಾರು 60 ಹೆಜ್ಜೆಗಳು. ಹಳೆಯ ಟಿವಿಯಲ್ಲಿ ಈ ದೃಶ್ಯಗಳು ನೀರು ಹರಿದಂತೆ ಸರಾಗವಾಗಿ ಕಾಣುತ್ತಿದ್ದುದಕ್ಕೆ ಇದೇ ಕಾರಣ.

ಅಗ್ಗದ ಎಚ್‌ಡಿಎಂಐ ಪೆಟ್ಟಿಗೆ ಈ ಫೀಲ್ಡುಗಳನ್ನು ಅವಸರದಲ್ಲಿ ಬೆಸೆದೋ, ಒಂದನ್ನು ಎಸೆದೋ ಪೂರ್ಣ ಚಿತ್ರವನ್ನಾಗಿಸುತ್ತದೆ. ಬಳಿಕ ಅದನ್ನು 720 ಅಥವಾ 1080 ಗೆರೆಗಳಿಗೆ ಹಿಗ್ಗಿಸುತ್ತದೆ. ಅನೇಕ ಪೆಟ್ಟಿಗೆಗಳು ಸೆಕೆಂಡಿಗೆ 50 ಇದ್ದುದನ್ನು 60ಕ್ಕೆ ಏರಿಸಲು ಅಲ್ಲಲ್ಲಿ ಒಂದೊಂದು ಚಿತ್ರವನ್ನು ಎರಡು ಬಾರಿ ತೋರಿಸುತ್ತವೆ. ನೀವು ಕಂಡ ಕುಲುಕಾಟ ಅದೇ. 4:3 ಅನುಪಾತದ ಚಿತ್ರವನ್ನು 16:9 ಪರದೆಯ ತುಂಬ ಎಳೆದು ಕೂರಿಸಿದ್ದರಿಂದ ಮುಖಗಳು ಅಗಲವಾದವು. ಆಮೇಲೆ ಎಚ್‌ಡಿಎಂಐ ಕ್ಯಾಪ್ಚರ್ ಸಾಧನ ತನ್ನ ಪಾಲಿಗೆ ಇನ್ನೊಮ್ಮೆ ಚಿತ್ರವನ್ನು ಅದುಮಿ ಕಂಪ್ಯೂಟರಿಗೆ ಕಳಿಸುತ್ತದೆ. ಅಗಲವಾದ ಮುಖಗಳನ್ನು ಆಮೇಲೆ ಕಿರಿದಾಗಿಸಬಹುದು. ಎಸೆದುಹೋದ ಫೀಲ್ಡನ್ನು ಯಾವ ತಂತ್ರಾಂಶದಿಂದಲೂ ಮರಳಿ ತರಲಾಗದು. ಹಾಗಾಗಿ ಆ ಎರಡು ವಸ್ತುಗಳನ್ನು ಈ ಕೆಲಸದ ಮಟ್ಟಿಗೆ ಪಕ್ಕಕ್ಕಿಡಿ.

ಈ ಕೆಲಸದಲ್ಲಿ ನಾನು ಪಾಲಿಸುವ ನಿಯಮ ಒಂದೇ. ಟೇಪಿನಿಂದ ಇಳಿಸಿಕೊಳ್ಳುವಾಗ ಚಿತ್ರವನ್ನು ಇದ್ದಂತೆಯೇ, ಅಂದರೆ ಎರಡು ಫೀಲ್ಡುಗಳ ಸಮೇತ, 720×576 ಅಳತೆಯಲ್ಲಿ (ಎನ್‌ಟಿಎಸ್‌ಸಿಯಾದರೆ 720×480), ಏನನ್ನೂ ತಿದ್ದದೆ ಇಳಿಸಿಕೊಳ್ಳಬೇಕು. ತಿದ್ದುವುದೆಲ್ಲ ಕಡತ ಕೈಗೆ ಬಂದ ಮೇಲೆ. ಹೀಗೆ ಮಾಡಲು ಬೇಕಾದ ಸಾಧನ ನೀವು ಈಗಾಗಲೇ ಕೊಂಡ ಎರಡು ವಸ್ತುಗಳಿಗಿಂತ ಅಗ್ಗವಾಗಿಯೇ ಸಿಗುವುದುಂಟು. ಒಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ಕಿಂಡಿಗಳೂ ಒಂದು ಎಸ್-ವಿಡಿಯೊ ಕಿಂಡಿಯೂ, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಪ್ಲಗ್ಗೂ ಇರುವ ಸಾದಾ ಅನಲಾಗ್ ಕ್ಯಾಪ್ಚರ್ ಸಾಧನ ಸಾಕು.

ಇದನ್ನು ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಈಸಿಕ್ಯಾಪ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಾಧನಗಳು ಹೊರನೋಟಕ್ಕೆ ಒಂದೇ ಬಗೆಯಾಗಿದ್ದರೂ ಒಳಗಿನ ಚಿಪ್ ಬೇರೆಬೇರೆಯಾಗಿರುತ್ತದೆ: ಎಂಪಿಯಾದ ಇಎಂ2860, ಸಿಂಟೆಕ್‌ನ ಎಸ್‌ಟಿಕೆ1160, ಯುಟಿವಿ007, ಸೊಮ್ಯಾಜಿಕ್ ಹೀಗೆ. ಒಂದರ ಡ್ರೈವರ್ ಇನ್ನೊಂದಕ್ಕೆ ಹೊಂದುವುದಿಲ್ಲ, ಜೊತೆಗೆ ಬರುವ ಸಿಡಿಯಲ್ಲಿ ಸರಿಯಾದ ಡ್ರೈವರ್ ಇದ್ದೇ ಇರುತ್ತದೆಂಬ ಭರವಸೆಯೂ ಇಲ್ಲ. ವಿಂಡೋಸ್‌ನ ಹೊಸ ಆವೃತ್ತಿಗಳಲ್ಲಿ ಡ್ರೈವರ್ ಒಗ್ಗದೆ ಸೋತವರು ಸಾಧನವನ್ನು ಎಸೆಯುವ ಮೊದಲು ಒಂದು ಉಪಾಯವನ್ನು ನೋಡಬಹುದು: ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಎಂಪಿಯಾ, ಸಿಂಟೆಕ್ ಮತ್ತು ಯುಟಿವಿ007 ಚಿಪ್‌ಗಳಿಗೆ ಡ್ರೈವರ್‌ಗಳು ಮೊದಲಿನಿಂದಲೇ ಸೇರಿಕೊಂಡಿರುವುದರಿಂದ, ಮೂಲೆಗೆ ಸೇರಿದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿಕೊಂಡರೆ ಅದೇ ಸಾಧನ ಮರುಮಾತಿಲ್ಲದೆ ಕೆಲಸ ಮಾಡುವುದನ್ನು ಕಾಣಬಹುದು.

ಸಾಧನಕ್ಕೆ ಹಣ ಸುರಿಯುವುದಕ್ಕಿಂತ ಟೇಪನ್ನು ಓಡಿಸುವ ಯಂತ್ರದ ಕಡೆಗೆ ಗಮನ ಕೊಡುವುದು ಹೆಚ್ಚು ಲಾಭದಾಯಕ, ಏಕೆಂದರೆ ಟೇಪಿನಿಂದ ಸಂಕೇತವನ್ನು ಓದುವ ಹೆಡ್ಡು ಓದದೆ ಬಿಟ್ಟದ್ದನ್ನು ಯಾವ ಸಾಧನವೂ ಒದಗಿಸಿಕೊಡಲಾರದು. ವಿಡಿಯೊ8ರ ಟೇಪು 8 ಮಿಲಿಮೀಟರ್ ಅಗಲದ್ದು, ವಿಎಚ್‌ಎಸ್‌ನದು 12.7 ಮಿಲಿಮೀಟರ್. ವಿಎಚ್‌ಎಸ್-ಸಿ ಎಂಬ ಸಣ್ಣ ಕ್ಯಾಸೆಟ್ಟನ್ನು ಒಂದು ಹೊರಕವಚದಲ್ಲಿಟ್ಟು ಸಾದಾ ವಿಸಿಆರ್‌ನಲ್ಲಿ ಓಡಿಸಬಹುದು, ಅದರ ಟೇಪಿನ ಅಗಲ ವಿಎಚ್‌ಎಸ್‌ನಷ್ಟೇ ಇದೆ. ಆದರೆ 8 ಮಿಲಿಮೀಟರ್ ಕ್ಯಾಸೆಟ್ಟಿಗೆ ಅಂಥ ಕವಚ ಇಲ್ಲ, ಇರಲು ಸಾಧ್ಯವೂ ಇಲ್ಲ. ಹಾಗಾಗಿ ನಿಮ್ಮ ಪಾಲಿಗೆ ಆ ಕ್ಯಾಮೆರಾವೇ ವಿಸಿಆರ್. ಅದನ್ನು ಚೆನ್ನಾಗಿ ನೋಡಿಕೊಳ್ಳಿ.

ಕ್ಯಾಮೆರಾದೊಳಗೆ ಟೇಪು ಸುತ್ತಿಕೊಂಡು ಹಾಯುವ ಉರುಳೆ, ಅಂದರೆ ಡ್ರಮ್ಮು, ಪ್ಯಾಲ್ ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲಿನ ಹೆಡ್ಡುಗಳು ಕೂದಲೆಳೆಯಂತೆ ಸೂಕ್ಷ್ಮ. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಧೂಳು, ಟೇಪಿನಿಂದ ಉದುರಿದ ಲೇಪ ಅಲ್ಲಿ ಕೂತಿರುವುದು ಸಹಜ, ನೀಲಿ ಪರದೆಗೆ ಅದೂ ಒಂದು ಕಾರಣ. ಮೊದಲು ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಷ್ಟೇ ಸೆಕೆಂಡು ಓಡಿಸಿ ನೋಡಿ. ಅದು ಉಜ್ಜಿಯೇ ಶುದ್ಧಮಾಡುವ ಕಾರಣ ಪದೇ ಪದೇ ಬಳಸುವುದು ಹೆಡ್ಡಿಗೆ ಕೇಡು. ಅದರಿಂದ ಆಗದಿದ್ದರೆ, ಕೈಚಳಕದ ಮೇಲೆ ನಂಬಿಕೆಯಿದ್ದರೆ ಮಾತ್ರ, ನಾರು ಬಿಡದ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೇವಮಾಡಿ ಡ್ರಮ್ಮಿನ ಬದಿಗೆ ಮೆಲ್ಲಗೆ ಒತ್ತಿಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ನಿಧಾನವಾಗಿ ತಿರುಗಿಸಬೇಕು. ಕಾಗದವನ್ನು ಮೇಲೆ ಕೆಳಗೆ ಉಜ್ಜುವಂತಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನಂತೂ ಹತ್ತಿರ ತರಬೇಡಿ. ಅದರ ಎಳೆ ಹೆಡ್ಡಿಗೆ ಸಿಕ್ಕಿ ಹೆಡ್ಡು ಮುರಿಯುತ್ತದೆ. ಈ ಪಾಠಕ್ಕೆ ನಾನು ಒಂದು ಒಳ್ಳೆಯ ಕ್ಯಾಮೆರಾವನ್ನೇ ಶುಲ್ಕವಾಗಿ ಕೊಟ್ಟಿದ್ದೇನೆ. ಆಲ್ಕೊಹಾಲು ಪೂರ್ತಿ ಆರುವವರೆಗೆ ಕ್ಯಾಸೆಟ್ಟು ಹಾಕಬಾರದು.

ಕ್ಯಾಸೆಟ್ಟುಗಳಲ್ಲಿ ನಿಮಗೆ ಅಷ್ಟೇನೂ ಬೇಡವಾದದ್ದನ್ನು ಮೊದಲು ಓಡಿಸಿ. ಯಂತ್ರ ಟೇಪು ನುಂಗುವುದಿದ್ದರೆ ಅದನ್ನೇ ನುಂಗಲಿ. ಪ್ರತಿ ಕ್ಯಾಸೆಟ್ಟಿನ ಅಂಚಿನ ಪುಟ್ಟ ಗುಂಡಿಯನ್ನು ಕೆಂಪು ಗುರುತು ಕಾಣುವಂತೆ ಸರಿಸಿದರೆ ಅದರ ಮೇಲೆ ಅಕಸ್ಮಾತ್ತಾಗಿ ಹೊಸ ಚಿತ್ರ ದಾಖಲಾಗುವ ಭಯವಿರುವುದಿಲ್ಲ. ವರ್ಷಗಳಿಂದ ಒಂದೇ ಕಡೆ ಸುತ್ತಿಕೊಂಡು ಕುಳಿತ ಟೇಪನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ ಪೂರ್ತಿ ಹಿಂದಕ್ಕೆ ಸುತ್ತಿದರೆ ಅದರ ಬಿಗಿ ಸಮವಾಗುತ್ತದೆ, ಚಿತ್ರದ ಅಲುಗಾಟವೂ ತುಸು ತಗ್ಗುತ್ತದೆ. ತಣ್ಣನೆಯ ಕೋಣೆಯಿಂದ ತಂದ ಕ್ಯಾಸೆಟ್ಟನ್ನು ಕೂಡಲೇ ಹಾಕದೆ ಕೆಲವು ಗಂಟೆ ಹೊರಗಿಡಿ. ತೇವ ಹಿಡಿದ ಡ್ರಮ್ಮಿಗೆ ಟೇಪು ಅಂಟಿಕೊಳ್ಳುತ್ತದೆ.

ಇನ್ನು ತಂತಿ. ಕ್ಯಾಮೆರಾದಲ್ಲಿ ಎಸ್-ವಿಡಿಯೊ ಕಿಂಡಿಯಿದ್ದರೆ ಹಳದಿ ತಂತಿಯ ಬದಲು ಅದನ್ನೇ ಬಳಸಿ, ಬೆಳಕು ಮತ್ತು ಬಣ್ಣ ಪ್ರತ್ಯೇಕವಾಗಿ ಬರುವುದರಿಂದ ಅಂಚುಗಳಲ್ಲಿ ಚುಕ್ಕಿಗಳು ಹರಿದಾಡುವುದಿಲ್ಲ. ಸಾಮಾನ್ಯವಾಗಿ ವಿಡಿಯೊ8ರ ಸುಧಾರಿತ ರೂಪವಾದ ಹೈ8 ಕ್ಯಾಮೆರಾಗಳಲ್ಲಿ ಈ ಕಿಂಡಿ ಇರುತ್ತದೆ, ಸಾದಾ ವಿಡಿಯೊ8ರಲ್ಲಿ ಅಪರೂಪ. ಇಲ್ಲದಿದ್ದರೆ ಹಳದಿಯೇ ಸಾಕು, ಅದಕ್ಕಾಗಿ ಕೊರಗಬೇಕಿಲ್ಲ. ಇಯರ್‌ಫೋನ್ ಪ್ಲಗ್ಗಿನಂಥ ಒಂದೇ ಕಿಂಡಿಯಿಂದ ಎಲ್ಲವೂ ಬರುವ ಕ್ಯಾಮೆರಾಗಳಲ್ಲಿ ತಂತಿಯ ಒಳಜೋಡಣೆ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಚಿತ್ರ ಬರಬೇಕಾದಲ್ಲಿ ಬರದೆ ಧ್ವನಿಯಲ್ಲಿ ಗುಂಯ್‌ಗುಟ್ಟಿದರೆ ತಂತಿ ಹಾಳಾಗಿದೆ ಎಂದುಕೊಳ್ಳದೆ ಹಳದಿ ಪ್ಲಗ್ಗನ್ನು ಬಿಳಿ ಅಥವಾ ಕೆಂಪಿನೊಂದಿಗೆ ಅದಲುಬದಲು ಮಾಡಿ ನೋಡಿ. ಕ್ಯಾಮೆರಾದ ಡಿಸ್‌ಪ್ಲೇ ಗುಂಡಿ ಒತ್ತಿ ಪರದೆಯ ಮೇಲಿನ ಗಡಿಯಾರ, ಕೌಂಟರುಗಳನ್ನು ಅಡಗಿಸುವುದನ್ನು ಮರೆಯಬೇಡಿ. ಅವು ಚಿತ್ರದೊಂದಿಗೆ ಕಡತದಲ್ಲೂ ಅಚ್ಚಾಗಿಬಿಡುತ್ತವೆ. ಚಿತ್ರೀಕರಿಸುವಾಗಲೇ ಟೇಪಿನ ಮೇಲೆ ಮೂಡಿದ ತಾರೀಖನ್ನು ಮಾತ್ರ ಹೀಗೆ ಅಳಿಸಲಾಗದು.

ವಿಂಡೋಸ್‌ನಲ್ಲಿ ಇಳಿಸಿಕೊಳ್ಳಲು ವರ್ಚುವಲ್‌ಡಬ್ ಎಂಬ ಉಚಿತ ತಂತ್ರಾಂಶವೇ ಇಂದಿಗೂ ನನ್ನ ಆಯ್ಕೆ. ನೋಡಲು ಹಳೆಯ ಕಾಲದ್ದು, ಆದರೆ ಇಳಿಸಿಕೊಳ್ಳುವಾಗ ಎಷ್ಟು ಫ್ರೇಮು ಕಳೆದುಹೋಯಿತು, ಎಷ್ಟು ಫ್ರೇಮು ತಾನಾಗಿ ಸೇರಿತು ಎಂದು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸುತ್ತದೆ. ಸಾಧನದೊಂದಿಗೆ ಬರುವ ಅಲಂಕಾರದ ತಂತ್ರಾಂಶಗಳು ಇದನ್ನು ಮುಚ್ಚಿಡುತ್ತವೆ. ಅದರಿಂದ ಕವಲೊಡೆದ ವರ್ಚುವಲ್‌ಡಬ್2ರಲ್ಲಿ ಹಲವು ಕೋಡೆಕ್‌ಗಳು (ಚಿತ್ರವನ್ನು ಅದುಮುವ ವಿಧಾನಗಳು) ಒಳಗೇ ಇರುವುದು ಅನುಕೂಲ. ಪದ್ಧತಿಯನ್ನು ಪ್ಯಾಲ್ ಎಂದೋ ಎನ್‌ಟಿಎಸ್‌ಸಿ ಎಂದೋ ನಿಮ್ಮ ಕ್ಯಾಮೆರಾಕ್ಕೆ ತಕ್ಕಂತೆ ಆರಿಸಿ. ತಪ್ಪಿದರೆ ಚಿತ್ರ ಕಪ್ಪುಬಿಳುಪಾಗುತ್ತದೆ ಅಥವಾ ಉರುಳುತ್ತದೆ. ಬಣ್ಣದ ಬಗೆ ವೈಯುವೈ2, ಧ್ವನಿ 48 ಕಿಲೊಹರ್ಟ್ಸ್, ಕೋಡೆಕ್ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಇರಲಿ. ಈ ಎರಡು ಕೋಡೆಕ್‌ಗಳೂ ಚಿತ್ರದ ಒಂದು ಕಣವನ್ನೂ ಕಳೆಯದೆ ಅದುಮುತ್ತವೆ.

ಕಡತದ ಗಾತ್ರ ಕಂಡು ಹೆದರಬೇಡಿ. ಏನನ್ನೂ ಅದುಮದೆ ಇಳಿಸಿದರೆ 720×576 ಅಳತೆಯ ಚಿತ್ರ ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್, ಗಂಟೆಗೆ ಸುಮಾರು 75 ಗಿಗಾಬೈಟ್ ನುಂಗುತ್ತದೆ. ಈ ಕೋಡೆಕ್‌ಗಳು ಅದನ್ನು ಸುಮಾರು ಅರ್ಧಕ್ಕೆ, ಕೆಲವೊಮ್ಮೆ ಇನ್ನೂ ಕಡಿಮೆಗೆ ಇಳಿಸುತ್ತವೆ. ಒಂದೊಂದೇ ಕ್ಯಾಸೆಟ್ಟನ್ನು ಇಳಿಸಿ, ಅಂತಿಮ ಕಡತ ಮಾಡಿಕೊಂಡು ಮುಂದೆ ಸಾಗಿದರೆ ದೊಡ್ಡ ಡಿಸ್ಕ್ ಬೇಕಾಗುವುದಿಲ್ಲ. ಡಿಸ್ಕನ್ನು ಫ್ಯಾಟ್32 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಕಡತ 4 ಗಿಗಾಬೈಟ್ ಮುಟ್ಟಿದೊಡನೆ ನಿಂತುಬಿಡುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಸಾಧನವನ್ನು ಯುಎಸ್‌ಬಿ ಹಬ್‌ಗೆ ಚುಚ್ಚದೆ ನೇರವಾಗಿ ಕಂಪ್ಯೂಟರಿಗೆ ಚುಚ್ಚಿ, ಆ ಹೊತ್ತಿನಲ್ಲಿ ಕಂಪ್ಯೂಟರಿಗೆ ಬೇರೆ ಕೆಲಸ ಹಚ್ಚಬೇಡಿ. ಧ್ವನಿ ಆರಂಭದಲ್ಲಿ ಸರಿಯಿದ್ದು ಕೊನೆಗೆ ತುಟಿಯ ಚಲನೆಗಿಂತ ಹಿಂದೆಬೀಳುತ್ತಿದ್ದರೆ ಫ್ರೇಮುಗಳು ಕಳೆದುಹೋಗುತ್ತಿವೆ ಎಂದೇ ತಿಳಿಯಬೇಕು. ಬಿಳಿಯ ಬಟ್ಟೆ, ಆಕಾಶ ಇರುವ ದೃಶ್ಯವೊಂದನ್ನು ಓಡಿಸಿ ಚಿತ್ರದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ನಕ್ಷೆಯನ್ನೂ ಒಮ್ಮೆ ನೋಡಿ. ಅಗ್ಗದ ಸಾಧನಗಳು ಉಜ್ವಲ ಭಾಗವನ್ನು ಸುಣ್ಣ ಬಳಿದಂತೆ ಮಾಡುವುದುಂಟು. ಹಾಗಿದ್ದರೆ ಸಾಧನದ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಕೊಂಚ ತಗ್ಗಿಸಿ ಆಮೇಲೆ ಇಳಿಸಿಕೊಳ್ಳಿ.

ಈಗ ಮೂರನೆಯ ದೋಷಕ್ಕೆ ಬರುತ್ತೇನೆ, ಇದೇ ಇಡೀ ಕೆಲಸದ ಗಟ್ಟಿ ಗಂಟು. ಪ್ಯಾಲ್ ಸಂಕೇತದ ಪ್ರತಿ ಗೆರೆಯೂ 64 ಮೈಕ್ರೊಸೆಕೆಂಡು ಇರಬೇಕು. ಟೇಪು ಹಿಗ್ಗಿರುತ್ತದೆ, ಕುಗ್ಗಿರುತ್ತದೆ, ಡ್ರಮ್ಮು ತೂಗಾಡುತ್ತದೆ. ಆದ್ದರಿಂದ ಟೇಪಿನಿಂದ ಹೊರಬರುವ ಗೆರೆಗಳು ಒಂದು ತುಸು ಬೇಗ, ಒಂದು ತುಸು ತಡವಾಗಿ ಬರುತ್ತವೆ. ಹಳೆಯ ಟಿವಿ ಈ ಏರುಪೇರನ್ನು ಸಹಿಸಿಕೊಂಡು ಹೋಗುತ್ತಿತ್ತು. ಡಿಜಿಟಲ್ ಸಾಧನಕ್ಕೆ ಆ ತಾಳ್ಮೆ ಇಲ್ಲ: ಏರುಪೇರು ಮಿತಿ ಮೀರಿದರೆ ಸಂಕೇತವೇ ಇಲ್ಲವೆಂದು ತೀರ್ಮಾನಿಸಿ ನೀಲಿ ಪರದೆ ತೋರಿಸುತ್ತದೆ. ಕೆಲವು ಸಾಧನಗಳಂತೂ ಇದನ್ನು ಚಲನಚಿತ್ರದ ಕ್ಯಾಸೆಟ್ಟುಗಳಲ್ಲಿರುವ ನಕಲು ತಡೆಯೆಂದು ತಪ್ಪಾಗಿ ಗ್ರಹಿಸಿ, ನಿಮ್ಮ ಮನೆಯ ಮಗುವಿನ ಹುಟ್ಟುಹಬ್ಬವನ್ನೇ ದಾಖಲಿಸಲು ನಿರಾಕರಿಸುತ್ತವೆ. ಗೆರೆಗಳನ್ನು ಮತ್ತೆ ಸಾಲಾಗಿ ನಿಲ್ಲಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರವಿದೆ, ಆದರೆ ಅದು ನಿಮ್ಮ ಮಿತಿಯನ್ನು ಮೀರಿದ್ದು.

ಅಗ್ಗದ ದಾರಿಗಳು ಎರಡಿವೆ. ಮೊದಲನೆಯದು, ಮೂಲೆ ಸೇರಿರುವ ಹಳೆಯ ಡಿವಿಡಿ ರೆಕಾರ್ಡರ್. ಅದರಲ್ಲಿ ಡಿಸ್ಕ್ ಬರೆಯಬೇಕಿಲ್ಲ. ಕ್ಯಾಮೆರಾದ ತಂತಿಯನ್ನು ಅದರ ಒಳಕಿಂಡಿಗೆ, ಅದರ ಹೊರಕಿಂಡಿಯನ್ನು ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿದರೆ ಸಂಕೇತ ಅದರೊಳಗೆ ಹಾದು ಬರುವಾಗ ನೆಟ್ಟಗಾಗುತ್ತದೆ. ಎಲ್ಲ ರೆಕಾರ್ಡರುಗಳೂ ಇದನ್ನು ಮಾಡುವುದಿಲ್ಲ. ಪ್ಯಾನಸೋನಿಕ್‌ನ ಡಿಎಂಆರ್-ಇಎಸ್10 ಮತ್ತು ಇಎಸ್15 ಈ ಗುಣಕ್ಕಾಗಿಯೇ ಹವ್ಯಾಸಿಗಳ ನಡುವೆ ಹೆಸರಾಗಿವೆ. ಡಿಸ್ಕ್ ತಟ್ಟೆ ಕೆಟ್ಟುಹೋದದ್ದಾದರೂ ಪರವಾಗಿಲ್ಲ, ಕೆಟ್ಟದ್ದೆಂದೇ ಅಗ್ಗವಾಗಿ ಸಿಗುತ್ತದೆ.

ಎರಡನೆಯದು, ನಿಮ್ಮ 8 ಮಿಲಿಮೀಟರ್ ಟೇಪುಗಳಿಗೆ ಹೇಳಿ ಮಾಡಿಸಿದ್ದು. 1999ರಲ್ಲಿ ಬಂದ ಡಿಜಿಟಲ್8 ಕ್ಯಾಮ್‌ಕಾರ್ಡರುಗಳಲ್ಲಿ ಹಲವು, ಹಳೆಯ ವಿಡಿಯೊ8 ಮತ್ತು ಹೈ8 ಕ್ಯಾಸೆಟ್ಟುಗಳನ್ನೂ ಓಡಿಸಿ, ಒಳಗೇ ಗೆರೆಗಳನ್ನು ಸರಿಪಡಿಸಿ, ಚಿತ್ರವನ್ನು ಡಿಜಿಟಲ್ ರೂಪದಲ್ಲಿ ಫೈರ್‌ವೈರ್ ಎಂಬ ಹಳೆಯ ಬಗೆಯ ದತ್ತಾಂಶ ತಂತಿಯ ಮೂಲಕ ಕೊಡುತ್ತವೆ. ಗಂಟೆಗೆ ಸುಮಾರು 13 ಗಿಗಾಬೈಟ್‌ನ, ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದ ಕಡತ. ಫ್ರೇಮು ಕಳೆಯುವ, ಧ್ವನಿ ಜಾರುವ ಚಿಂತೆ ಬಹುಪಾಲು ಇಲ್ಲ. ನೆಂಟರಿಷ್ಟರಲ್ಲಿ ಯಾರ ಕಪಾಟಿನಲ್ಲಾದರೂ ಅಂಥದ್ದಿದ್ದರೆ ಎರಡು ವಾರಕ್ಕೆ ಎರವಲು ಕೇಳಿ. ಎಲ್ಲ ಮಾದರಿಗಳಿಗೂ ಹಳೆಯ ಟೇಪು ಓದುವ ಶಕ್ತಿಯಿಲ್ಲದ ಕಾರಣ ಕೈಪಿಡಿಯನ್ನು ನೋಡಿಯೇ ತನ್ನಿ. ಕಂಪ್ಯೂಟರಿನಲ್ಲಿ ನಿಜವಾದ ಫೈರ್‌ವೈರ್ ಕಿಂಡಿ ಬೇಕು. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಬರಿಯ ತಂತಿಗಳು ಕೆಲಸಕ್ಕೆ ಬಾರವು. ಅಂಥ ಕ್ಯಾಮೆರಾದಲ್ಲೇ ಇರುವ ಯುಎಸ್‌ಬಿ ಕಿಂಡಿಯಿಂದಲೂ ಮೋಸಹೋಗಬೇಡಿ, ಆ ಕಾಲದ ಕ್ಯಾಮೆರಾಗಳಲ್ಲಿ ಅದರಿಂದ ಬರುವುದು ಅಂಚೆಚೀಟಿಯಂಥ ಸಣ್ಣ ಚಿತ್ರ. ಫೈರ್‌ವೈರ್ ಇರುವ ಹಳೆಯ ಮೇಜುಗಣಕ ಸಿಕ್ಕರೆ ನಾನು ಬೇರೆಲ್ಲವನ್ನೂ ಬಿಟ್ಟು ಈ ದಾರಿಯನ್ನೇ ಹಿಡಿಯುತ್ತೇನೆ.

ಇಳಿಸಿಕೊಂಡ ಕಡತವನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಚಲನೆಯ ಜಾಗದಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಕಂಡರೆ ಗಾಬರಿಯಾಗಬೇಡಿ; ಎರಡೂ ಫೀಲ್ಡುಗಳು ಉಳಿದಿವೆ ಎಂಬುದಕ್ಕೆ ಅದೇ ಸಾಕ್ಷಿ. ಕೆಳಅಂಚಿನ ಕೆಲವು ಗೆರೆಗಳು ಚದುರಿರುವುದೂ ದೋಷವಲ್ಲ, ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಹಳೆಯ ಟಿವಿಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು. ನೋಡಲು, ಹಂಚಲು ಬೇಕಾದ ಪ್ರತಿಯನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿಕೊಳ್ಳಬಹುದು. ಫೀಲ್ಡುಗಳನ್ನು ಪೂರ್ಣ ಚಿತ್ರವಾಗಿಸುವ ಡಿಇಂಟರ್‌ಲೇಸ್ ಆಯ್ಕೆಯಲ್ಲಿ ಬಾಬ್ ಎಂಬುದನ್ನು ಆರಿಸಿದರೆ ಪ್ರತಿ ಫೀಲ್ಡೂ ಒಂದು ಪೂರ್ಣ ಚಿತ್ರವಾಗಿ, ಸೆಕೆಂಡಿಗೆ 50 ಹೆಜ್ಜೆಗಳ ಆ ಹಳೆಯ ಸರಾಗ ಚಲನೆ ಮರಳುತ್ತದೆ. ಆಮೇಲೂ ಚಿತ್ರ ಹಿಂದಕ್ಕೂ ಮುಂದಕ್ಕೂ ತುಯ್ದಾಡಿದರೆ ಫೀಲ್ಡುಗಳ ಕ್ರಮ ತಿರುವುಮುರುವಾಗಿದೆ: ಡಿವಿ ಕಡತಗಳಲ್ಲಿ ಕೆಳಗಿನ ಫೀಲ್ಡು ಮೊದಲು, ಪ್ಯಾಲ್ ಚಿತ್ರವನ್ನು ಯುಎಸ್‌ಬಿ ಸಾಧನದಿಂದ ಇಳಿಸಿದ ಕಡತಗಳಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಅನುಪಾತ 4:3 ಇರಲಿ, ಎಚ್.264 ಕೋಡೆಕ್‌ನಲ್ಲಿ ಗುಣಮಟ್ಟದ ಅಂಕಿ 18ರಿಂದ 20ರೊಳಗೆ ಇರಲಿ. ಮೂಲ ಕಡತಗಳನ್ನೆಲ್ಲ ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ, ಮುಖ್ಯವೆನಿಸಿದ ಕ್ಯಾಸೆಟ್ಟುಗಳವನ್ನಾದರೂ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಹಿಗ್ಗಿಸುವ ತಂತ್ರಾಂಶಗಳು ಅಜ್ಜಿಯ ಮುಖಕ್ಕೆ ಯಾರದೋ ಚರ್ಮ ಹೊದಿಸುವುದನ್ನು ಕಂಡಿದ್ದೇನೆ. ಪ್ರಯೋಗ ಮಾಡುವುದಿದ್ದರೆ ಪ್ರತಿಯ ಮೇಲೆ ಮಾಡಿ.

ಕೊನೆಯದಾಗಿ ಬಿಳಿ ಪುಡಿ. ಅದು ಬಹುತೇಕ ಬೂಷ್ಟು. ಆ ಎರಡು ಕ್ಯಾಸೆಟ್ಟುಗಳನ್ನು ಕ್ಯಾಮೆರಾಕ್ಕೆ ಹಾಕಲೇಬೇಡಿ, ಪರೀಕ್ಷೆಗೆಂದೂ ಬೇಡ. ಬೂಷ್ಟು ಹೆಡ್ಡಿಗೆ ಅಂಟಿ, ಅಲ್ಲಿಂದ ಉಳಿದ 20 ಕ್ಯಾಸೆಟ್ಟುಗಳಿಗೂ ಹರಡುತ್ತದೆ, ಸುರುಳಿಗಳು ಪರಸ್ಪರ ಅಂಟಿಕೊಂಡಿದ್ದರೆ ಟೇಪು ಹರಿದೂಹೋಗಬಹುದು. ಅವನ್ನು ಬೇರೆ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಣಗಲು ಬಿಡಿ. ಮುಟ್ಟುವಾಗ ಮೂಗಿಗೆ ಮುಖಗವಸು ಇರಲಿ. ಉಳಿದವನ್ನೆಲ್ಲ ನೀವೇ ಇಳಿಸಿಕೊಂಡು ಉಳಿಸಿದ ಹಣದಲ್ಲಿ, ಆ ಎರಡನ್ನು ಮಾತ್ರ ಬೂಷ್ಟು ಹಿಡಿದ ಟೇಪುಗಳನ್ನು ಶುಚಿಗೊಳಿಸುವ ಅನುಭವವಿರುವ ವೃತ್ತಿಪರರ ಕೈಗೆ ಕೊಡಿ, ಕೊಡುವ ಮುನ್ನ ಬೂಷ್ಟು ಇರುವ ವಿಷಯವನ್ನು ಅವರಿಗೆ ಮೊದಲೇ ತಿಳಿಸಿ.